ಕೆನೆ ಹುಡುಕಿದ ವ್ಯಾಪಾರಿ

ಶಿಷ್ಯ ವಿರೂಪಯ್ಯ ಕೇಳಿದ: "ಬುದ್ಧೀ, ಜ್ಞಾನಿಯೊಬ್ಬನನ್ನು ಕಾಣಬೇಕೆಂದು ಹನ್ನೊಂದು ಮಠ ಸುತ್ತಿದೆ. ಒಬ್ಬನೂ ಸಿಗಲಿಲ್ಲ. ಈ ಕಾಲದಲ್ಲಿ ಜ್ಞಾನಿಗಳೇ ಇಲ್ಲವೋ, ನನ್ನ ಹಣೆಯಲ್ಲಿ ಬರೆದಿಲ್ಲವೋ?"

"ಹಣೆಬರಹದ ಮೇಲೆ ಹೊರಿಸಬೇಡವಯ್ಯ. ಪಾಪ, ಅದು ಎಷ್ಟೂಂತ ಹೊತ್ತೀತು!" ಎಂದು ಗುರುಗಳು ನಕ್ಕರು. ಅವನನ್ನು ಕೂರಿಸಿ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಚಹಾ ವ್ಯಾಪಾರಿ ಇದ್ದ. ಹೈನಿನ ಮನೆಯಲ್ಲಿ ಹುಟ್ಟಿದವನು. ಹಾಲು, ಮೊಸರು, ಬೆಣ್ಣೆಯಲ್ಲಿ ಬೆಳೆದ ನಾಲಿಗೆ ಅವನದು. ಒಮ್ಮೆ ಮೂಡಣ ದೇಶದಿಂದ ಬಂದ ಯಾತ್ರಿಕನೊಬ್ಬ ಅವನಿಗೆ ಒಂದು ಬಟ್ಟಲು ಚಹಾ ಮಾಡಿಕೊಟ್ಟ. ಹಸಿ ಪುಅರ್ ಎಂದು ಅದರ ಹೆಸರು. ಎಲೆಯನ್ನು ಬಾಣಲೆಯಲ್ಲಿ ಬಾಡಿಸಿ, ಬಿಸಿಲಿಗೆ ಒಣಗಿಸಿ, ಹಬೆ ಕೊಟ್ಟು, ದಪ್ಪ ಬಿಲ್ಲೆಯಾಗಿ ಒತ್ತಿಡುವ ಚಹಾ. ಅದಕ್ಕೆ ಹಾಲಿಲ್ಲ, ಸಕ್ಕರೆಯಿಲ್ಲ, ಬರೀ ಬಿಸಿನೀರು. ವ್ಯಾಪಾರಿ ಕುಡಿದ. ಕುಡಿದು, ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದ. ಒಂದು ತೊಟ್ಟು ಹಾಲಿಲ್ಲ, ಬಾಯಿ ತುಂಬ ಕೆನೆ! ಯಾತ್ರಿಕ ಮರುದಿನ ಹೊರಟುಹೋದ. ಯಾವ ಬೆಟ್ಟದ ಎಲೆಯೆಂದು ಕೇಳಲು ವ್ಯಾಪಾರಿಗೆ ಹೊಳೆಯಲೇ ಇಲ್ಲ. ಬಾಯಿಗೆ ರುಚಿ ಹತ್ತಿದಾಗ ಬುದ್ಧಿ ಎಲ್ಲಿ ಓಡುತ್ತದೆ?

ಪೇಟೆಯ ಹಿರಿಯರ ಎದುರು ಅವನು ಇದನ್ನು ಹೇಳಿದ. ಪೇಟೆಯ ಯಜಮಾನ ಹೊಟ್ಟೆ ಹಿಡಿದುಕೊಂಡು ನಕ್ಕ.

"ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ನಾವಲ್ಲ, ಹೋಗಯ್ಯ! ಹಾಲಿಲ್ಲದೆ ಕೆನೆಯಂತೆ!"

ವ್ಯಾಪಾರಿಗೆ ಮೈಯೆಲ್ಲ ಉರಿಯಿತು. "ಮೂರು ವರ್ಷದೊಳಗೆ ಆ ಚಹಾ ತಂದು ನಿಮಗೇ ಕುಡಿಸುತ್ತೇನೆ. ತರಲಾಗದಿದ್ದರೆ ಈ ಪೇಟೆಯಲ್ಲಿ ಮತ್ತೆ ಅಂಗಡಿ ತೆರೆಯುವುದಿಲ್ಲ" ಎಂದುಬಿಟ್ಟ. ಮನೆಗೆ ಬಂದ ಮೇಲೆ ಆಡಿದ ಮಾತಿನ ಭಾರ ತಿಳಿಯಿತು. ಅಪ್ಪ ಹಾಕಿಕೊಟ್ಟ ಅಂಗಡಿ ಅದು. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಆದರೆ ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಬುತ್ತಿ ಕಟ್ಟಿಕೊಂಡು ಹೊರಟ.

ತಿಂಗಳುಗಟ್ಟಲೆ ನಡೆದು ಆ ಚಹಾ ಬೆಳೆಯುವ ಬೆಟ್ಟಗಳ ಸೀಮೆಗೆ ಬಂದ. ಅಲ್ಲಿಯ ಮಾತು ಕಲಿತ. ಕಲಿತದ್ದೇನೋ ಸರಿ, ಆದರೆ ಆ ಬೆಟ್ಟದ ಜನ ಹಾಲು ಕರೆಯುವವರಲ್ಲ, ಕಾಯಿಸುವವರೂ ಅಲ್ಲ. ಕೆನೆಗೆ ಅವರಲ್ಲಿ ಹೆಸರೇ ಇರಲಿಲ್ಲ.

ಮೊದಲ ಬೆಟ್ಟದಲ್ಲಿ ಒಬ್ಬ ಮುದುಕಿ ಚಹಾ ಬೆಳೆಯುತ್ತಿದ್ದಳು. ವ್ಯಾಪಾರಿ ಕೈಸನ್ನೆ ಮಾಡಿ, ಸುತ್ತಿ ಬಳಸಿ ಕೇಳಿದ: "ಅಮ್ಮಾ, ಹಾಲು ಕಾಯಿಸಿ ಇಟ್ಟರೆ ಮೇಲೆ ಒಂದು ಪದರ ಕಟ್ಟುತ್ತದಲ್ಲ, ಬಾಯಲ್ಲಿ ಹಾಗೆ ಇರುವ ಚಹಾ ಬೇಕು."

"ಹಾಲು ಕರುವಿನದಪ್ಪ. ಅದರ ರುಚಿ ಕರುವನ್ನೇ ಕೇಳಬೇಕು" ಎಂದಳು ಮುದುಕಿ. "ನನ್ನಲ್ಲಿ ಗಂಜಿಯಂಥ ಚಹಾ ಇದೆ. ಕೊಡಲೇ?"

ವ್ಯಾಪಾರಿಯ ಮುಖ ಕೆಂಪಾಯಿತು. ಅವನ ಸೀಮೆಯಲ್ಲಿ ಗಂಜಿ ಕೊಡುವುದು ಜ್ವರ ಬಂದವರಿಗೆ, ಇಲ್ಲವೇ ಏನೂ ಇಲ್ಲದವರಿಗೆ. 'ಗಂಜಿಗೆ ಗತಿಯಿಲ್ಲದೆ ಇಷ್ಟು ದೂರ ಬಂದವನು ಅಂದುಕೊಂಡಳೇ ಈಕೆ!' ಮುದುಕಿ ಬಟ್ಟಲು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಅವನು ಎದ್ದು ನಡೆದಾಗಿತ್ತು.

ಎರಡನೆಯ ಬೆಟ್ಟದ ಚಹಾ ಬೇವಿನಷ್ಟು ಕಹಿ. ಮೂರನೆಯದು ಎಳೆ ಬಾಳೆಕಾಯಿಯಷ್ಟು ಒಗರು. ನಾಲ್ಕನೆಯದಕ್ಕೆ ಹೂವಿನ ಘಮ, ಐದನೆಯದು ಜೇನಿನಷ್ಟು ಸಿಹಿ. ಎಲ್ಲವೂ ಒಳ್ಳೆಯ ಚಹಾಗಳೇ. ಒಂದರಲ್ಲೂ ಕೆನೆ ಇಲ್ಲ, ನೀರು ನೀರಾಗಿಯೇ ಗಂಟಲಿಗೆ ಇಳಿಯುತ್ತಿತ್ತು. ಅವನು ಹಾಲಿನ ಮಾತೆತ್ತಿದಾಗಲೆಲ್ಲ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಆಮೇಲೆ ಯಾರಾದರೊಬ್ಬರು, ಒಳ್ಳೆಯ ಮನಸ್ಸಿನಿಂದಲೇ, "ಮೊದಲ ಬೆಟ್ಟದಲ್ಲಿ ಗಂಜಿಯಂಥದ್ದು ಸಿಗುತ್ತದೆ, ಅದಾದೀತೇ?" ಎನ್ನುತ್ತಿದ್ದರು. ತನ್ನ ಸವೆದ ಜೋಡು, ಹರಿದ ಅಂಗಿ ನೋಡಿ ಇಡೀ ಸೀಮೆಯೇ ಹಂಗಿಸುತ್ತಿದೆ ಎಂದು ಅವನು ಹಲ್ಲು ಕಚ್ಚಿಕೊಂಡ. ಅಭಿಮಾನಿ, ಪಾಪ. ಅಭಿಮಾನಿಗೆ ಕಿವಿ ಸ್ವಲ್ಪ ಮಂದ.

ಹೀಗೆ ಗಡುವಿನ ಕಡೆಯ ವರ್ಷ ಬಂತು. ಏಳನೆಯ ಬೆಟ್ಟದಲ್ಲೂ ಕೆನೆ ಸಿಗಲಿಲ್ಲ. ಇನ್ನು ಊರಿಗೆ ಹೋಗಿ ಅಂಗಡಿಗೆ ಬೀಗ ಹಾಕುವುದೊಂದೇ ಬಾಕಿ ಎಂದುಕೊಂಡ. ನಡೆಯುವ ಮೊದಲು ಹೊಟ್ಟೆಗೆ ಏನಾದರೂ ಬೇಕಲ್ಲ. ಒಂದು ಮನೆಯ ಜಗಲಿಯಲ್ಲಿ ಕೂತ. ಮನೆಯಾಕೆ ಒಲೆಯ ಮೇಲಿನ ಅನ್ನ ಬಸಿದು, ಬಸಿದ ದಪ್ಪ ಗಂಜಿಯನ್ನು ಬಟ್ಟಲಿಗೆ ಹಾಕಿ ಮುಂದಿಟ್ಟಳು. ಹಸಿವಿನ ಮುಂದೆ ಯಾವ ಅಭಿಮಾನ? ಆರಲಿ ಎಂದು ಕಾದ. ಕಾಯುತ್ತಿದ್ದಂತೆ ಗಂಜಿಯ ಮೇಲೆ ತೆಳ್ಳಗೆ, ಬೆಳ್ಳಗೆ ಒಂದು ಪದರ ಕಟ್ಟಿತು. ಹೈನಿನ ಮನೆಯ ಮಗುವಲ್ಲವೇ, ಬೆರಳು ತಾನಾಗಿ ಹೋಯಿತು. ಪದರ ಎತ್ತಿ ನಾಲಿಗೆಯ ಮೇಲಿಟ್ಟುಕೊಂಡ. ನುಣ್ಣಗೆ ಕರಗಿತು.

"ಅಕ್ಕಾ!" ಎಂದು ಕೂಗಿಬಿಟ್ಟ. "ನೀವು ಇಷ್ಟು ದಿನ ಗಂಜಿ ಗಂಜಿ ಅಂದಿದ್ದು ಇದನ್ನೇ?"

"ಮತ್ತೇನನ್ನು?" ಎಂದಳು ಅವಳು. "ಬಾಯಿಗೆ ಇಷ್ಟು ಮೆತ್ತಗಿರುವುದು ನಮ್ಮಲ್ಲಿ ಬೇರೆ ಯಾವುದಿದೆ?"

ವ್ಯಾಪಾರಿ ಹಣೆ ಹಣೆ ಚಚ್ಚಿಕೊಂಡ. ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಬಟ್ಟಲನ್ನು ತಳ ಕಾಣುವ ತನಕ ಕುಡಿದು, ಬಂದ ದಾರಿಯಲ್ಲೇ ಓಡಿದ. ಏಳು ಬೆಟ್ಟ ಹತ್ತುವಾಗ ನೋಯದ ಕಾಲು ಇಳಿಯುವಾಗ ನೋಯಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಮುದುಕಿ ಇನ್ನೂ ಇದ್ದಳು. ವ್ಯಾಪಾರಿ ಅವಳ ಕಾಲು ಮುಟ್ಟಿ, "ಅಮ್ಮಾ, ತಪ್ಪಾಯಿತು. ಗಂಜಿಯಂಥ ಚಹಾ ಅಂದಿರಲ್ಲ, ಇನ್ನೂ ಉಳಿದಿದೆಯೇ?" ಎಂದ.

"ನೀನು ಬಿಟ್ಟು ಹೋದದ್ದೇ ಇದೆ. ಈ ಬಿಲ್ಲೆ ಹಳತಾದಷ್ಟೂ ರುಚಿ, ಈಗ ಇನ್ನಷ್ಟು ಚೆನ್ನಾಗಿದೆ" ಎಂದಳು. ಬಿಲ್ಲೆಯಿಂದ ಒಂದು ತುಂಡು ಮುರಿದು ನೀರು ಹುಯ್ದಳು. ಮೊದಲ ನೀರು ಎಲೆ ತೊಳೆಯುವುದಕ್ಕೆಂದು ಚೆಲ್ಲಿದಳು. ಎರಡನೆಯದನ್ನು ಕೊಟ್ಟಳು. ವ್ಯಾಪಾರಿ ಕುಡಿದ. ಅದೇ! ಯಾತ್ರಿಕನ ಬಟ್ಟಲಿನದೇ! ಹಲ್ಲಿಗೆ ಒಗರು ತಾಗದೆ ನಾಲಿಗೆಯ ಮೇಲೆ ಹರಡಿತು. ನುಂಗಿದ ಮೇಲೂ ತುಟಿ ನುಣ್ಣಗೇ ಇತ್ತು. ಅವನು ಹೊರಲಾಗುವಷ್ಟು ಬಿಲ್ಲೆಗಳನ್ನು ಹೊತ್ತುಕೊಂಡು ಊರ ದಾರಿ ಹಿಡಿದ.

ಗಡುವಿಗೆ ಎರಡು ದಿನ ಇರುವಾಗ ಪೇಟೆ ಸೇರಿದ. ಊರಿಗೆ ಊರೇ ಚಾವಡಿಯ ಮುಂದೆ ನೆರೆಯಿತು. ಯಜಮಾನ ಬಲು ಘಾಟಿ. ತನ್ನ ಮನೆಯ ಪಾತ್ರೆ, ತನ್ನ ಬಾವಿಯ ನೀರು, ತನ್ನ ಒಲೆ ಎಂದ. ವ್ಯಾಪಾರಿಯ ಅಂಗಿಯ ತೋಳು ಮಡಿಸಿ ಪರೀಕ್ಷಿಸಿದ. ವ್ಯಾಪಾರಿ ಮೊದಲ ನೀರು ಚೆಲ್ಲಿದಾಗ "ಅಯ್ಯೋ, ಚಹಾನೇ ಚೆಲ್ಲಿದನಲ್ಲೋ!" ಎಂದು ಜನ ಗೊಳ್ಳೆಂದರು. ಅವನು ತಲೆಯೆತ್ತಲಿಲ್ಲ. ಎರಡನೆಯ ನೀರಿನ ಬಟ್ಟಲನ್ನು ಯಜಮಾನನ ಕೈಗಿಟ್ಟ.

ಯಜಮಾನ ಒಂದು ಗುಟುಕು ಕುಡಿದ. ಬಾಯಿ ಚಪ್ಪರಿಸಿದ. ಪಾತ್ರೆಯ ಮುಚ್ಚಳ ತೆಗೆದು ಬಗ್ಗಿ ನೋಡಿದ. ಬಟ್ಟಲು ಖಾಲಿ ಮಾಡಿ ಮತ್ತೆ ಚಾಚಿದ. ಮೂರನೆಯ ಬಟ್ಟಲು ಕುಡಿದು ಮೀಸೆ ಒರೆಸಿಕೊಂಡು, "ಹಾಲು ಎಲ್ಲಿ ಬಚ್ಚಿಟ್ಟಿದ್ದೀಯೋ, ಮಾರಾಯ?" ಎಂದ.

"ಹಾಲೇ ಇಲ್ಲ, ಯಜಮಾನರೇ."

"ಸೋತೆನಪ್ಪ! ಎತ್ತು ಈದಿದೆ, ಕಟ್ಟುವುದಕ್ಕೆ ಕೊಟ್ಟಿಗೆ ನಾನೇ ಕೊಡುತ್ತೇನೆ" ಎಂದು ಯಜಮಾನ ಎದ್ದು ಅವನನ್ನು ತಬ್ಬಿಕೊಂಡ. "ಈ ಚಹಾದ ಹೆಸರು ಹೇಳು, ಡಂಗುರ ಹೊಡೆಸುತ್ತೇನೆ."

ವ್ಯಾಪಾರಿ ಎದೆಯುಬ್ಬಿಸಿ ಊರಿಗೆಲ್ಲ ಕೇಳುವ ಹಾಗೆ ಹೇಳಿದ: "ಗಂಜಿ ಚಹಾ!"

ಚಾವಡಿಯಲ್ಲಿ ಯಾರೂ ನಗಲಿಲ್ಲ. ಬಟ್ಟಲು ಹಿಡಿದು ಸಾಲು ನಿಂತರು. ಅಂಗಡಿ ಮರುದಿನ ಬೆಳಿಗ್ಗೆ ತೆರೆಯಿತು. ಬಾಗಿಲ ಮೇಲೆ ಅದೇ ಹೆಸರು ಬರೆಸಿದ್ದ.

ಗುರುಗಳು ಕತೆ ಮುಗಿಸಿದರು. ವಿರೂಪಯ್ಯನಿಗೆ ನಗು ತಡೆಯಲಾಗಲಿಲ್ಲ. "ಎಂಥ ಪೆದ್ದ, ಬುದ್ಧೀ! ಮೊದಲ ಮನೆಯಲ್ಲೇ ಕೊಡಲು ಬಂದಿದ್ದರು, ಹೆಸರು ಕೇಳಿ ಎದ್ದು ಬಂದನಲ್ಲ!"

ಗುರುಗಳು ಕೇಳಿದರು: "ಆ ಹನ್ನೊಂದು ಮಠಗಳಲ್ಲಿ, 'ಜ್ಞಾನಿಗಳು ಯಾರೂ ಇಲ್ಲಪ್ಪ, ಅಡುಗೆಯವರೊಬ್ಬರಿದ್ದಾರೆ, ಕರೆಯಲೇ' ಎಂದು ನಿನಗೆ ಎಷ್ಟು ಕಡೆ ಹೇಳಿದರು?"

ವಿರೂಪಯ್ಯ ಬೆರಳು ಮಡಿಸಿ ಎಣಿಸತೊಡಗಿದ.