ಸತ್ತವನು ನೆಟ್ಟ ಗೆಣಸು

"ಹೆಂಗಸು ನೆಟ್ಟ ಗೆಣಸು ಮೊಳೆತದ್ದನ್ನು ಯಾರಾದರೂ ನೋಡಿದ್ದೀರಾ? ನೋಡಿದ್ದರೆ ಇಲ್ಲೇ ನನ್ನ ಮೀಸೆ ಬೋಳಿಸಿಬಿಡಿ!"

ರಾಜಸಭೆಯ ನಡುವೆ ನಿಂತು ಒಗ್ಬು ಹೀಗೆ ಸವಾಲು ಹಾಕಿದ. ಯಾರೂ ತುಟಿ ಬಿಚ್ಚಲಿಲ್ಲ. ಮೀಸೆ ಅಷ್ಟು ದೊಡ್ಡದಾಗಿತ್ತು.

ಆಫ್ರಿಕಾದ ಒಂದು ದೊಡ್ಡ ನದಿಯ ದಂಡೆಯಲ್ಲಿದ್ದ ಒದುಂಬ ರಾಜ್ಯದ ಕತೆ ಇದು. ಅಲ್ಲಿ ತೋಳುದ್ದದ ಹೆಗ್ಗೆಣಸೇ ಜನರ ಅನ್ನ. ಅದನ್ನು ಗಂಡಸಿನ ಬೆಳೆ ಎನ್ನುತ್ತಿದ್ದರು. ಕೆಸು, ಅಲಸಂದೆ, ಬೆಂಡೆ ಹೆಂಗಸರ ಪಾಲಿಗೆ. ಹೀಗೆ ಹಂಚಿದವರು ಯಾರೆಂದು ಯಾರಿಗೂ ನೆನಪಿರಲಿಲ್ಲ. ಹೆಂಗಸರಂತೂ ಅಲ್ಲ.

"ವಿಷಯ ಹೇಳು," ಎಂದ ರಾಜ ಒಬಿಯೋರಾ.

"ಪ್ರಭು, ನನ್ನ ಅಣ್ಣ ಅಜುಬಿಕೆ ತೀರಿಕೊಂಡು ಮೂರು ವರ್ಷವಾಯಿತು. ಅತ್ತಿಗೆಯ ಅಂಗಳದಲ್ಲಿ, ಅಗೆದ ಗೆಣಸು ಕೆಡದಂತೆ ಕಟ್ಟಿಡುವ ಹಂದರದಲ್ಲಿ, ಇನ್ನೂರು ಗೆಣಸು ಇವೆ. ಹೆಂಗಸು ಗೆಣಸು ಬೆಳೆಯಲಾರಳು. ಆದ್ದರಿಂದ ಅವು ಅಣ್ಣನವು. ಅಣ್ಣನದು ತಮ್ಮನಿಗೆ ಬರಬೇಕು. ಗೆಣಸೂ ಬೇಕು, ಹೊಲವೂ ಬೇಕು."

ಹಿರಿಯರು ಒಟ್ಟಿಗೆ ತಲೆಯಾಡಿಸಿದರು.

ಅತ್ತಿಗೆ ಎಬೆರೆ ಮೂಲೆಯಲ್ಲಿ ನಿಂತಿದ್ದಳು. ಎರಡೂ ಪಕ್ಕದಲ್ಲಿ ಒಬ್ಬೊಬ್ಬ ಮಗಳು. ಆ ಗೆಣಸು ಹೋದರೆ ಮೂವರಿಗೆ ಊಟವಿಲ್ಲ, ಮುಂದಿನ ವರ್ಷಕ್ಕೆ ಬಿತ್ತನೆಯೂ ಇಲ್ಲ. ಆಮೇಲೆ ಒಗ್ಬುವಿನ ಮನೆಯಲ್ಲಿ ಒನಕೆ ಹಿಡಿದು ಬದುಕಬೇಕು.

ಆ ಸಭೆಯಲ್ಲಿ ಹೆಂಗಸು ದನಿ ಎತ್ತುವಂತಿರಲಿಲ್ಲ. ಹೇಳುವುದನ್ನು ಚುಮಾನ ಕಿವಿಯಲ್ಲಿ ಹೇಳಬೇಕು, ಅವನು ಅದನ್ನು ಸಭೆಗೆ ಹೇಳಬೇಕು. ಚುಮಾನ ಹುದ್ದೆಯ ಹೆಸರೇ 'ರಾಜನ ಬಾಯಿ'. ಬೆತ್ತ ಹಿಡಿದು, ನಗು ನುಂಗಿಕೊಂಡು ನಿಲ್ಲುವುದು ಅವನ ಕೆಲಸ.

ಎಬೆರೆ ಪಿಸುಗುಟ್ಟಿದಳು.

"ಒಗ್ಬು," ಎಂದ ಚುಮಾ, "ಈ ಗೆಣಸನ್ನು ನೀನೇನಾದರೂ ಹೋಗಿ ನೆಟ್ಟುಕೊಟ್ಟೆಯಾ?"

"ನಾನಾ? ಛೆ! ವಿಧವೆಯ ಹೊಲಕ್ಕೆ ಕಾಲಿಟ್ಟರೆ ಗಂಡಸಿನ ತೋಳಿನ ಶಕ್ತಿ ಇಳಿದುಹೋಗುತ್ತದೆ. ಮೂರು ವರ್ಷದಿಂದ ಆ ಬೇಲಿ ದಾಟಿಲ್ಲ. ಊರೇ ಸಾಕ್ಷಿ."

"ಬೇರೆ ಯಾರಾದರೂ ಗಂಡಸರು?"

"ಯಾರು ಹೋಗುತ್ತಾರೆ? ಹೋಗಿದ್ದರೆ ಕಾಲು ಮುರಿಯುತ್ತಿದ್ದೆ!"

ಮತ್ತೆ ಪಿಸುಮಾತು. ಚುಮಾ ಕೇಳಿದ: "ಹಂದರಕ್ಕೆ ಕಟ್ಟಿದ ಗೆಣಸು ಎಷ್ಟು ಕಾಲ ಉಳಿಯುತ್ತದೆ?"

ಊಟದ ಮಾತು ಬಂದರೆ ರಾಜ ಸುಮ್ಮನಿರುವವನಲ್ಲ. "ಮುಂದಿನ ಮಳೆಯವರೆಗೆ," ಎಂದು ತಾನೇ ಹೇಳಿಬಿಟ್ಟ. "ಆಮೇಲೆ ಕೊಳೆತು ನಾರುತ್ತದೆ. ಎಳೆಮಕ್ಕಳಿಗೂ ಗೊತ್ತು."

"ಅಂದಮೇಲೆ ಇದು ಈ ವರ್ಷದ ಗೆಣಸು. ಅಲ್ಲವೇ ಒಗ್ಬು?"

"ಹೌದು."

"ನೆಟ್ಟವನು ನಿನ್ನ ಅಣ್ಣ?"

ಒಗ್ಬು ಒಮ್ಮೆ ಮೀಸೆ ಮುಟ್ಟಿಕೊಂಡ. "ಹೌ... ದು."

ಈ ಸಲ ಎಬೆರೆ ಬಹಳ ಹೊತ್ತು ಪಿಸುಗುಟ್ಟಿದಳು. ಚುಮಾನ ಕೈಯಲ್ಲಿದ್ದ ಬೆತ್ತ ಅಲುಗತೊಡಗಿತು.

"ಪ್ರಭು, ಸತ್ತು ಮೂರು ವರ್ಷವಾದ ಅಜುಬಿಕೆ ಈ ವರ್ಷ ಬಂದು ಮಣ್ಣು ಏರಿಸಿದ. ಬಿತ್ತನೆ ಗೆಣಸು ಕತ್ತರಿಸಿ, ಕತ್ತರಿಸಿದ ಮೈಗೆ ಬೂದಿ ಹಚ್ಚಿ ನೆಟ್ಟ. ಬಳ್ಳಿಗೆ ಕೋಲು ಕೊಟ್ಟ. ಹೆಗ್ಗಣ ಓಡಿಸಿದ. ಅಗೆದು ತಂದು ಇನ್ನೂರನ್ನೂ ಕಟ್ಟಿದ. ಇಷ್ಟು ದುಡಿಯುವವನನ್ನು ಸತ್ತವನೆಂದು ಹೇಗೆ ಹೇಳುವುದು? ಬದುಕಿರುವ ಅಣ್ಣನ ಆಸ್ತಿ ತಮ್ಮನಿಗೆ ಬರುವುದುಂಟೇ? ಒಗ್ಬು, ಮನೆಗೆ ಹೋಗು. ಅಣ್ಣ ಸತ್ತಮೇಲೆ ಬಾ."

ಸಭೆ ಗೊಳ್ಳೆಂದಿತು.

"ಅವನು ಸತ್ತಿದ್ದಾನೆ!" ಒಗ್ಬು ಕೂಗಿದ. "ನನ್ನ ಕೈಯಾರೆ ಮಣ್ಣು ಮಾಡಿದ್ದೇನೆ!"

"ಹಾಗಾದರೆ ನೆಟ್ಟವರು ಯಾರು?"

ಒಗ್ಬು ಬಾಯಿ ತೆರೆದ. ಮೀಸೆ ನೆನಪಾಯಿತು. ಮುಚ್ಚಿದ.

ರಾಜ ಎಬೆರೆಯ ಕಡೆಗೆ ತಿರುಗಿದ. "ನಿಜ ಹೇಳಮ್ಮಾ. ಅಜುಬಿಕೆ ಬರುತ್ತಾನೆಯೇ?"

ಅವಳು ಚುಮಾನ ಕಿವಿಯಲ್ಲಿ ಚಿಕ್ಕದೊಂದು ಮಾತು ಹೇಳಿದಳು.

"ಏನಂದಳು?"

"'ಬರುತ್ತಿದ್ದರೆ ನಾನೇಕೆ ಒಬ್ಬಳೇ ಗುದ್ದಲಿ ಹಿಡಿಯುತ್ತಿದ್ದೆ' ಎಂದಳು, ಪ್ರಭು."

ನಗು ನಿಂತಿತು. ಎಬೆರೆ ತನ್ನ ಅಂಗೈಗಳನ್ನು ಮುಂದೆ ಚಾಚಿದಳು. ಅಲ್ಲಿದ್ದ ಜಡ್ಡುಗಳನ್ನು ಕಂಡು ಹಿರಿಯರಲ್ಲಿ ಒಬ್ಬ ತನ್ನ ಮೆತ್ತಗಿನ ಕೈಗಳನ್ನು ಮೆಲ್ಲನೆ ಬಟ್ಟೆಯೊಳಗೆ ಸೇರಿಸಿಕೊಂಡ.

"ಗೆಣಸು ಅವಳದು. ಹೊಲವೂ ಅವಳದು," ಎಂದ ರಾಜ. "ಕ್ಷೌರಿಕನನ್ನು ಕರೆಯಿರಿ."

ಒಗ್ಬು ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡ.

ರಾಜ ತನ್ನ ಕೊರಳಿನ ಹವಳದ ಸರ ತೆಗೆದು ಚುಮಾನತ್ತ ಚಾಚಿದ. "ತಗೋ. ಇಂಥ ಜಾಣತನಕ್ಕೆ ಇದು ಕಡಿಮೆಯೇ."

"ನಾನು ಬರೀ ಬಾಯಿ, ಪ್ರಭು. ಮಾತೆಲ್ಲ ಅವಳದು."

"ಹೋಗಯ್ಯಾ! ಹೆಂಗಸಿಗೆ ಇಷ್ಟು ಬುದ್ಧಿ ಇರುತ್ತದೆಯೇ? ನನ್ನ ಅಜ್ಜನ ಕಾಲದಿಂದಲೂ ಕೇಳಿಲ್ಲ."

ಚುಮಾ ತಲೆಬಾಗಿದ. "ಹಾಗಾದರೆ ಇದನ್ನೂ ಆ ಸತ್ತವನೇ ಬಂದು ನನ್ನ ಕಿವಿಯಲ್ಲಿ ಹೇಳಿರಬೇಕು."

ರಾಜ ನಕ್ಕ ನಗುವಿಗೆ ಪೀಠವೇ ಕಿರುಗುಟ್ಟಿತು. ಕಣ್ಣೊರೆಸಿಕೊಳ್ಳುತ್ತ ಸರವನ್ನು ಎಬೆರೆಯ ಕೈಗಿಟ್ಟ.

"ಚುಮಾ, ನೀನು ಸ್ವಲ್ಪ ಪಕ್ಕಕ್ಕೆ ಸರಿ. ಇನ್ನು ಇವಳ ಮಾತು ಇವಳ ಬಾಯಿಂದಲೇ ಬರಲಿ. ಹೇಳುವುದೇನಾದರೂ ಇದೆಯೇನಮ್ಮಾ?"

ಒದುಂಬದ ರಾಜಸಭೆಯಲ್ಲಿ ಹೆಣ್ಣುದನಿ ಕೇಳಿದ್ದು ಅದೇ ಮೊದಲು. ಎಬೆರೆ ಬಾಗಿಲಲ್ಲಿ ನಿಂತಿದ್ದ ಕ್ಷೌರಿಕನ ಕಡೆಗೆ ನೋಡಿದಳು.

"ಅಣ್ಣಾ, ಕತ್ತಿ ಚೆನ್ನಾಗಿ ಮಸೆದಿದ್ದೀಯಲ್ಲ? ನಮ್ಮ ಮೈದುನನದು ಬಹಳ ನಾಜೂಕಿನ ಚರ್ಮ."