ಅಮಲ್ದಾರರು ಎದ್ದ ಹೊತ್ತು

ಗುಮಾಸ್ತ ಸಂಜೀವಯ್ಯ ಮಗುವಿನ ನಾಮಕರಣದ ಊಟಕ್ಕೆ ಅಮಲ್ದಾರರನ್ನು ಕರೆಯಲು ಹೋದ.

"ದೀಪ ಹಚ್ಚೋ ಹೊತ್ತಿಗೆ ದಯಮಾಡಿಸಬೇಕು, ಸ್ವಾಮಿ. ಮನೇಲಿ ಹಸಿ ಬಾಣಂತಿ ಇದ್ದಾಳೆ, ಬೇಗ ಮುಗಿಸೋಣ ಅಂತ."

ಅಮಲ್ದಾರರು ಹುಬ್ಬು ಗಂಟಿಕ್ಕಿದರು. "ನನಗೆ ಹೊತ್ತು ಗೊತ್ತುಮಾಡೋಕೆ ನೀನ್ಯಾರಯ್ಯ? ನಾನು ಬಂದಾಗ ಶುರು, ನಾನು ಎದ್ದಾಗ ಮುಕ್ತಾಯ."

"ಅಪ್ಪಣೆ" ಎಂದ ಸಂಜೀವಯ್ಯ.

ಅವರು ಕೂತರೆ ಏಳುವವರಲ್ಲವೆಂದು ಊರಿಗೇ ಗೊತ್ತು. ಅವರು ಏಳದೆ ಬೇರೆಯವರು ಏಳುವಂತಿಲ್ಲ. ನಾಮಕರಣದಂದೂ ಊಟವಾದ ಮೇಲೆ ದಿಂಬಿಗೆ ಒರಗಿ ತಮ್ಮ ಬೇಟೆಯ ಕಥೆ ತೆಗೆದರು. ಅವರ ಗುಡುಗಿಗೆ ಗೋಡೆಯಾಚೆ ಮಗು ಬೆಚ್ಚಿಬಿದ್ದು ಅತ್ತಿತು. ಬಾಣಂತಿಗೆ ಕಣ್ಣು ಮುಚ್ಚಲಾಗಲಿಲ್ಲ. ಕಥೆಯಲ್ಲಿ ಹುಲಿ ಇನ್ನೂ ಪೊದೆಯಿಂದ ಹೊರಗೇ ಬಂದಿರಲಿಲ್ಲ.

ಸಂಜೀವಯ್ಯ ತಾಂಬೂಲದ ತಟ್ಟೆ ಹಿಡಿದು ಬಂದ. ಅಮಲ್ದಾರರನ್ನು ದಾಟಿ, ಮೂಲೆಯಲ್ಲಿ ಕೂತಿದ್ದ ಶಾನುಭೋಗರ ಮುಂದೆ ಬಗ್ಗಿದ.

"ಏನಯ್ಯಾ! ನಾನಿರುವಾಗ ಮೊದಲ ತಾಂಬೂಲ ಅವನಿಗೋ?" ಅಮಲ್ದಾರರು ಧಡಕ್ಕನೆ ಎದ್ದು ಬಂದು ಕೈ ಚಾಚಿದರು.

ಅವರು ಎದ್ದದ್ದೇ ತಡ, ಕೂತಿದ್ದವರೆಲ್ಲ ಎದ್ದು ನಿಂತರು. ಸಂಜೀವಯ್ಯ ಭಕ್ತಿಯಿಂದ ಅವರ ಕೈಗೆ ತಾಂಬೂಲವಿಟ್ಟು ನಮಸ್ಕರಿಸಿದ.

"ತಪ್ಪಾಯಿತು, ಸ್ವಾಮಿ. ತಾವು ಎದ್ದಿರಿ. ತಮ್ಮ ಅಪ್ಪಣೆಯಂತೆ ಮುಕ್ತಾಯ."

ತಾಂಬೂಲ ಹಿಡಿದವರು ಮತ್ತೆ ಕೂರುವ ಪದ್ಧತಿ ಯಾರ ಮನೆಯಲ್ಲೂ ಇಲ್ಲ. ಅಮಲ್ದಾರರು ದಿಂಬನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದರು. ಗೋಡೆಯಾಚೆ ಮಗು ಸುಮ್ಮನಾಗಿತ್ತು.

"ಹಾಗಾದರೆ... ಆ ಹುಲಿ?" ಎಂದರು ಮೆಲ್ಲಗೆ.

"ಪೊದೆಯಲ್ಲೇ ಇರಲಿ, ಸ್ವಾಮಿ. ತಮ್ಮ ಅಪ್ಪಣೆಯಿಲ್ಲದೆ ಅದೂ ಏಳೋ ಹಾಗಿಲ್ಲವಲ್ಲ."