ಮುದಿ ಹದ್ದಿನ ಕವಳೆ ಹಣ್ಣು

"ಪ್ರಾಯದಲ್ಲಿ ಹೊಟ್ಟೆ ತುಂಬ ಕವಳೆ ಹಣ್ಣು ತಿಂದು, ಇದೇ ಬಂಡೆ ಮೇಲೆ ಕೂತು, ಏಳು ಬೆಟ್ಟದಾಚೆ ಇರುವೆ ಆಕಳಿಸಿದ್ದನ್ನು ಕಂಡವನು ನಾನು! ಸಾಕ್ಷಿ ಹೇಳೋಕೆ ನನ್ನ ವಾರಗೆಯವರು ಒಬ್ಬರೂ ಉಳಿದಿಲ್ಲ, ಅಷ್ಟೇ," ಎಂದು ಹಾರಿಹೋಗುತ್ತಿದ್ದ ಪಿಕಳಾರ ಹಕ್ಕಿಗೆ ಕೇಳುವಂತೆ ಕೂಗಿತು ಮುದಿ ಹದ್ದು. ಆ ಬಂಡೆಯತ್ತ ಯಾರೂ ಸುಳಿಯದೆ ಎಷ್ಟೋ ಕಾಲವಾಗಿತ್ತು.

ಪಿಕಳಾರ ದೂರದ ಕೊಂಬೆಯಲ್ಲೇ ನಿಂತಿತು. "ಅಜ್ಜಾ, ಆ ಹಣ್ಣು ಕಣ್ಣಿಗೆ ಅಷ್ಟು ಒಳ್ಳೆಯದೇ?"

"ಮತ್ತೇನು! ಇಗೋ, ನನ್ನ ಕಾಲ ಬಳಿ ಕರ್ರಗೆ ಹಣ್ಣಾಗಿ ರಾಶಿ ಬಿದ್ದಿವೆ. ಬಾ, ತಿನ್ನುತ್ತಾ ಉಳಿದ ಕಥೆ ಕೇಳು."

ಪಿಕಳಾರ ಪಕ್ಕಕ್ಕೆ ಬಂದು ಕೂತು, ಬಗ್ಗಿ ನೋಡಿತು. "ಅಯ್ಯೋ ಅಜ್ಜಾ, ಇವು ಆಡಿನ ಹಿಕ್ಕೆ!"

ಹದ್ದು ರೆಕ್ಕೆ ಕೊಡವಿತು. "ಆಗಿರಲಿ ಬಿಡು. ಹಣ್ಣು ಅಂದದ್ದಕ್ಕೆ ತಾನೆ ನೀನು ಹತ್ತಿರ ಬಂದು ಕೂತದ್ದು?"